ರಾಜೇಂದ್ರನಾಮೆಯೂ ಬಲಂ ಸೀಮೆಯೂ

ಆಲೂರು ತಾಲ್ಲೂಕಿನ ಪಾಳ್ಯವು ಇಂದು ಒಂದು ಹೋಬಳಿಯ ಮುಖ್ಯಗ್ರಾಮವಾಗಿದೆ. ಪಾಳ್ಯವೆಂದರೆ ದಂಡು ಬೀಡುಬಿಟ್ಟ ಸ್ಥಳ. ಪಾಳೆಯ, ಪಾಳೆಯಗಾರ ಎಂಬ ಮಾತುಗಳೂ ಇದೇ ಕುಲಕ್ಕೆ ಸೇರಿದುವು. ಈ ಹೆಸರು ಈ ನಾಡಿಗೆ ಒಪ್ಪುವಂಥದು. ಇಲ್ಲಿಂದ ಮೂಡಲಿಗೆ ಮೈಸೂರಿನ ಬಯಲು, ತೆಂಕಲಿಗೆ ಕೊಡಗು, ಪಡುವಲಿಗೆ ಸಕಲೇಶಪುರದ ಬೆಟ್ಟಗಳನ್ನು ದಾಟಿದರೆ ಘಟ್ಟದ ಕೆಳಗಿನ ತುಳುನಾಡು, ಬಡಗಲಿಗೆ ಒಂದು ಕಾಲದಲ್ಲಿ ಇಕ್ಕೇರಿಯವರ ಆಳ್ವಿಕೆ. ನಾಲ್ಕು ಕಡೆಯ ಬಲಿಷ್ಠರ ನಡುವೆ ಬೇಲೂರು ನಾಯಕರ ವಂಶದವರು, ಮುಂದೆ ಐಗೂರಿನ ಪಾಳೆಯಗಾರರೆನಿಸಿದವರು, ಬಲಂ ಎಂಬ ಸೀಮೆಯನ್ನು ತಲೆತಲಾಂತರದಿಂದ ಆಳಿದರು. ಈ ನೆರೆಯವರಲ್ಲಿ ಹಲವರಿಗೆ ತಮ್ಮ ತಮ್ಮ ಚರಿತ್ರೆಯನ್ನು ಬರೆಯಿಸಿಕೊಳ್ಳುವ ಅನುಕೂಲವೂ ಆಸೆಯೂ ಇದ್ದುವು. ಇಕ್ಕೇರಿಯವರ ವೃತ್ತಾಂತವು ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿದೆ. ಮೈಸೂರಿನ ನವಾಬನ ಕಥೆ ಹೈದರ್‌ನಾಮೆಯಲ್ಲಿದೆ. ಕೊಡಗಿನ ಹಾಲೇರಿ ಅರಸರ ಕಥೆ ರಾಜೇಂದ್ರನಾಮೆಯಲ್ಲಿದೆ. ಈ ಮೂರರಲ್ಲಿ ಕೊನೆಯದನ್ನು ಬಲಂ ಸೀಮೆಯ ಬೆಟ್ಟಗಳಲ್ಲಿ ನಿಂತು ಓದಿದರೆ ಅದು ಹೇಗೆ ಕಾಣುವುದೆಂಬುದೇ ಇಲ್ಲಿಯ ವಿಚಾರ.

ರಾಜೇಂದ್ರನಾಮೆಯು ದೊಡ್ಡ ವೀರರಾಜೇಂದ್ರನ ಅಪ್ಪಣೆಯಂತೆ ಕನ್ನಡ ಗದ್ಯದಲ್ಲಿ ರಚಿತವಾದ ಗ್ರಂಥ. ೧೬೩೩ರಲ್ಲಿ ಪಟ್ಟಕ್ಕೆ ಬಂದ ಮುದ್ದುರಾಜನಿಂದ ಮೊದಲುಗೊಂಡು ೧೮೦೭ರವರೆಗಿನ ವೃತ್ತಾಂತ ಅದರಲ್ಲಿ ಅಡಕವಾಗಿದೆ. ೧೮೦೮ರಲ್ಲಿ ಲೆಫ್ಟೆನೆಂಟ್ ಅಬರ್‌ಕ್ರೋಂಬಿ ಎಂಬಾತನು ಮಂಗಳೂರಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗನು ೧೮೫೫ರಲ್ಲಿ ಪ್ರಕಟಿಸಿದ ಕೊಡಗಿನ ಗ್ರಂಥಕ್ಕೂ, ರಿಕ್ಟರನು ೧೮೭೦ರಲ್ಲಿ ಬರೆದ ಕೈಪಿಡಿಗೂ ಇದೇ ಮುಖ್ಯ ಆಧಾರ. ಇಂದಿಗೂ ಹಾಲೇರಿ ಅರಸರ ವಿಷಯ ಬರೆಯುವವರು ಒಂದಲ್ಲ ಒಂದು ದಾರಿಯಿಂದ ಈ ಗ್ರಂಥದ ಬಾಗಿಲಿಗೆ ಬರಲೇಬೇಕು. ಹೆಸರಿನ ಕೊನೆಯ ‘ನಾಮೆ’ ಎಂಬುದು ಪಾರಸಿಯ ಮಾತು. ಅದು ದರ್ಬಾರಿನ ಕಾಗದಪತ್ರಗಳ ಭಾಷೆಯಿಂದ ಕನ್ನಡಕ್ಕೆ ಇಳಿದುದು. ಹೊಯ್ಸಳ ವಿಜಯನಗರಗಳ ಅರಸರು ತಮ್ಮ ಪ್ರತಾಪವನ್ನು ಶಿಲೆಯಲ್ಲಿಯೂ ಚಂಪುವಿನಲ್ಲಿಯೂ ಹಾಡಿಸಿದರೆ, ವೀರರಾಜೇಂದ್ರನು ಅದನ್ನು ದಫ್ತರದ ಗದ್ಯದಲ್ಲಿ ಬರೆಯಿಸಿದನು. ಈ ಆಯ್ಕೆಯನ್ನು ವಿಮರ್ಶಕನು ಮೊದಲು ಗಮನಿಸಬೇಕು.

ಈ ಗ್ರಂಥದ ಮೇಲೆ ಎರಡು ಆಕ್ಷೇಪಣೆಗಳನ್ನು ಹೇಳುವುದುಂಟು. ವಂಶದ ಮೂಲದ ವಿಷಯದಲ್ಲಿ ಅದು ಮೌನವಾಗಿದೆ. ಹಾಲೇರಿಯವರು ಎಲ್ಲಿಂದ ಬಂದರು, ಇಕ್ಕೇರಿಯ ಮನೆತನಕ್ಕೂ ಅವರಿಗೂ ಸಂಬಂಧವೇನು ಎಂಬುದನ್ನು ಅದು ತಿಳಿಸುವುದಿಲ್ಲ. ಎರಡನೆಯದಾಗಿ, ಬರೆಯಿಸಿದವನ ಗುಣಗಳು ಅದರಲ್ಲಿ ತುಂಬಿರುವಷ್ಟು ದೋಷಗಳು ಕಾಣುವುದಿಲ್ಲ. ಇವೆರಡೂ ನಿಜವೇ. ಆದರೆ ಇವು ಗ್ರಂಥವನ್ನು ಶುದ್ಧ ಚರಿತ್ರೆಯೆಂದು ಭಾವಿಸಿ ಹೊರಿಸಿದ ತಪ್ಪುಗಳು. ಅದು ಯಾವಾಗ ಬರೆಯಲ್ಪಟ್ಟಿತು, ಯಾರು ಓದಲೆಂದು ಬರೆಯಲ್ಪಟ್ಟಿತು ಎಂಬುದನ್ನು ಕೇಳಿದರೆ ಮೌನಕ್ಕೂ ಸ್ತುತಿಗೂ ಕಾರಣ ತಾನಾಗಿ ಹೊಳೆಯುವುದು. ೧೮೦೭ರಲ್ಲಿ ವೀರರಾಜೇಂದ್ರನ ಪ್ರೀತಿಯ ರಾಣಿ ಮಹದೇವಮ್ಮಾಜಿ ತೀರಿಕೊಂಡಳು. ಆಕೆಗೆ ಗಂಡುಮಕ್ಕಳಿರಲಿಲ್ಲ. ಆಕೆಯ ಮಗಳು ದೇವಮ್ಮಾಜಿಗೇ ಪಟ್ಟವಾಗಬೇಕೆಂಬುದು ಅರಸನ ಇಷ್ಟ. ತಮ್ಮಂದಿರೂ ದಾಯಾದಿಗಳೂ ಸುಮ್ಮನಿರುವವರಲ್ಲವೆಂಬುದನ್ನು ಆತನು ಬಲ್ಲನು. ಆ ಇಷ್ಟವನ್ನು ನಡಸಿಕೊಡಬಲ್ಲ ಶಕ್ತಿ ಕೊಡಗಿನಲ್ಲಿರಲಿಲ್ಲ, ಕಲ್ಕತ್ತೆಯಲ್ಲಿತ್ತು. ಗ್ರಂಥದ ವೃತ್ತಾಂತ ನಿಲ್ಲುವುದು ಅದೇ ೧೮೦೭ರಲ್ಲಿ. ಅದು ಇಂಗ್ಲಿಷಿಗೆ ತಿರುಗಿದ್ದು ಮರುವರ್ಷ. ಆದುದರಿಂದ ರಾಜೇಂದ್ರನಾಮೆಯನ್ನು ಒಬ್ಬ ಅರಸನು ತನ್ನ ಮಗಳ ಪರವಾಗಿ ಕಂಪನಿಯ ಮುಂದೆ ಇಟ್ಟ ವಕಾಲತ್ತು ಎಂದು ತಿಳಿಯುವುದೇ ಯುಕ್ತ. ವಕೀಲನು ತನ್ನ ಕಕ್ಷಿಗಾರನ ಮುತ್ತಜ್ಜನ ಜಾತಕವನ್ನು ಬಿಚ್ಚುವುದಿಲ್ಲ. ಸ್ವಾಧೀನಕ್ಕೆ ಬಂದ ದಿನದಿಂದ ಲೆಕ್ಕ ಹೇಳುತ್ತಾನೆ.

ಹೀಗೆ ನೋಡಿದಾಗ ಗ್ರಂಥದಲ್ಲಿ ಗಡಿಯ ಪ್ರಸ್ತಾಪಕ್ಕಿರುವ ಮಹತ್ತ್ವ ಸ್ಪಷ್ಟವಾಗುವುದು. ಏಳುಸಾವಿರ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಈಗಿನ ಕೊಡಗಿನ ಉತ್ತರ ಭಾಗವಾದ ಈ ನಾಡು ಬೇಲೂರು ನಾಯಕರದು. ಚಿಕ್ಕದೇವರಾಜ ಒಡೆಯರ ದಂಡು ಬಲಂ ಸೀಮೆಯ ಮೇಲೆ ನಡೆದ ಸಂದರ್ಭದಲ್ಲಿ ಕೊಡಗಿನ ದೊಡ್ಡವೀರಪ್ಪನೂ ಕೈಹಾಕಿ ಇದನ್ನು ತನ್ನದಾಗಿ ಮಾಡಿಕೊಂಡನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನು ಇಕ್ಕೇರಿಯವರ ಹಕ್ಕುಗಳೆಲ್ಲ ತನಗೆ ಬಂದುವೆಂದು ವಾದಿಸಿ ಅದೇ ಸೀಮೆಯನ್ನು ಕೇಳಿದನು. ಯುದ್ಧವಾಯಿತು, ಸಂಧಿಯ ಮಾತಾಯಿತು, ಉಚ್ಚಂಗಿಯ ಸೀಮೆಯನ್ನು ಹಣಕ್ಕೆ ಬಿಟ್ಟುಕೊಡುವ ಪ್ರಸ್ತಾಪವೂ ಬಂದಿತು. ಟಿಪ್ಪುವಿನ ಕಾಲದಲ್ಲಿ ವಿವಾದವು ಅಮರ ಸುಳ್ಯದ ಕಡೆಗೆ ಹರಿಯಿತು. ೧೭೯೮ರಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವು ವಯನಾಡಿನ ಮೇಲೆ ಟಿಪ್ಪುವಿಗಿದ್ದ ಹಕ್ಕನ್ನು ಒಪ್ಪಿ, ಅಮರ ಸುಳ್ಯದ ತಕರಾರನ್ನು ಎರಡು ಕಡೆಯ ಕಮಿಷನರರು ಕುಳಿತು ತೀರಿಸಲೆಂದು ಸೂಚಿಸಿದನು. ಮರುವರ್ಷವೇ ಶ್ರೀರಂಗಪಟ್ಟಣ ಬಿದ್ದುದರಿಂದ ಆ ಪಂಚಾಯಿತಿಗೆ ಅರ್ಥವೇ ಇಲ್ಲದೆ ಹೋಯಿತು. ಇಂಥ ಕಾಲದಲ್ಲಿ ಬರೆದ ರಾಜಚರಿತ್ರೆಯಲ್ಲಿ ಒಂದೊಂದು ಊರಿನ ಹೆಸರೂ ಒಂದೊಂದು ಹಕ್ಕಿನ ಪತ್ರ. ಕಾವ್ಯದಲ್ಲಿ ಬೆಟ್ಟವನ್ನು ವರ್ಣಿಸುವುದುಂಟು. ಇಲ್ಲಿ ಬೆಟ್ಟದ ಯಾವ ಕಡೆಯ ನೀರು ಯಾರದೆಂಬುದೇ ಮುಖ್ಯ. ಈ ದೃಷ್ಟಿಯಿಂದ ಅದರ ಗದ್ಯದ ಶುಷ್ಕತೆಯು ದೋಷವಲ್ಲ, ಉದ್ದೇಶಕ್ಕೆ ತಕ್ಕ ಗುಣ.

ಕಂಪನಿಯೊಡನೆ ನಡೆದ ವ್ಯವಹಾರವೂ ಅಷ್ಟೇ ಲೆಕ್ಕಾಚಾರದ್ದು. ೧೭೯೦ರ ಅಕ್ಟೋಬರಿನಲ್ಲಿ ತಲಚೇರಿಯ ಅಧಿಕಾರಿ ರಾಬರ್ಟ್ ಟೇಲರನ ಮೂಲಕ ಒಪ್ಪಂದವಾಯಿತು. ಜನರಲ್ ಅಬರ್‌ಕ್ರೋಂಬಿಯ ಮುಂಬಯಿ ದಂಡು ಕೊಡಗಿನ ದಾರಿಯಿಂದ ಶ್ರೀರಂಗಪಟ್ಟಣಕ್ಕೆ ಇಳಿಯಲು ಅರಸನು ದಾರಿಯನ್ನೂ ದವಸವನ್ನೂ ಎತ್ತುಗಳನ್ನೂ ಒದಗಿಸಿದನು. ೧೭೯೨ರ ಸಂಧಿಯಲ್ಲಿ ಕಂಪನಿಯವರು ಕೊಡಗನ್ನೂ ಕೇಳಿದಾಗ, ಅದು ತನ್ನ ರಾಜಧಾನಿಯ ಹೆಬ್ಬಾಗಿಲೆಂದು ಟಿಪ್ಪು ಪ್ರತಿಭಟಿಸಿದನು, ಕೊನೆಗೆ ಒಪ್ಪಬೇಕಾಯಿತು. ೧೭೯೩ರಲ್ಲಿ ವೀರರಾಜೇಂದ್ರನು ಕಂಪನಿಗೆ ವರ್ಷಕ್ಕೆ ೨೪,೦೦೦ ರೂಪಾಯಿ ಕಪ್ಪ ಕೊಡಬೇಕೆಂದು ಗೊತ್ತಾಯಿತು. ೧೭೯೯ರ ಮಾರ್ಚಿಯಲ್ಲಿ ಸಿದ್ಧೇಶ್ವರದ ಬಳಿಯ ಗಡಿಯಲ್ಲಿ ಟಿಪ್ಪುವನ್ನು ಹಿಮ್ಮೆಟ್ಟಿಸಿದ ಮೇಲೆ, ಆ ಕಪ್ಪದ ಬದಲು ವರ್ಷಕ್ಕೊಂದು ಆನೆ ಸಾಕೆಂದು ಕಂಪನಿಯವರು ಹೇಳಿದರು. ಇಪ್ಪತ್ತುನಾಲ್ಕು ಸಾವಿರ ರೂಪಾಯಿ ಒಂದು ಆನೆಯಾದುದು ಗೌರವವೆಂದು ಕೊಡಗಿನ ಅರಮನೆ ಭಾವಿಸಿತು. ಆನೆಯೂ ಕಪ್ಪವೇ ಎಂಬುದು ತಿಳಿಯಲು ಇನ್ನು ಮೂವತ್ತೈದು ವರ್ಷ ಬೇಕಾಗಿದ್ದುವು.

ಆದರೆ ಗ್ರಂಥವು ಬರಿಯ ವಕಾಲತ್ತಾಗಿದ್ದರೆ ಅದನ್ನು ಸಾಹಿತ್ಯದ ಪತ್ರಿಕೆಯಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಅದು ವಕಾಲತ್ತನ್ನು ಮೀರುವ ಸ್ಥಳಗಳೂ ಉಂಟು. ೧೭೮೨ರಲ್ಲಿ ಹೈದರನು ಕೊಡಗಿನ ರಾಜಕುಮಾರರನ್ನು ಹೇಮಾವತಿಯ ದಂಡೆಯ ಗೊರೂರಿನಲ್ಲಿ ಸೆರೆಯಿಟ್ಟನು. ಆಮೇಲೆ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದರು. ಅಲ್ಲಿಂದ ವೀರರಾಜೇಂದ್ರನು ೧೭೮೮ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ತನ್ನ ನಾಡನ್ನು ಸೇರಿದನು. ಕೊಡವರನ್ನು ಸಾವಿರಗಟ್ಟಲೆಯಾಗಿ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದ ಆ ವರ್ಷಗಳಲ್ಲಿ, ಬರಿದಾದ ನಾಡಿಗೆ ಬರಿಗೈಯಲ್ಲಿ ಬಂದ ಯುವಕನು ಮತ್ತೆ ರಾಜ್ಯ ಕಟ್ಟಿದ ಕಥೆಗೆ ಅಲಂಕಾರ ಬೇಕಾಗಿಲ್ಲ. ಖಾದರ್ ಖಾನನ ಪ್ರಸಂಗವು ಇನ್ನೂ ಹೆಚ್ಚಿನದು. ಟಿಪ್ಪುವಿನ ಈ ಸರದಾರನು ಮಡಿಕೇರಿಯ ಕೋಟೆಗೆ ಸಾಮಗ್ರಿ ತರುತ್ತಿದ್ದಾಗ ಕೊಡಗಿನವರ ಬಲೆಯಲ್ಲಿ ಸಿಕ್ಕಿಬಿದ್ದನು. ಹಿಂದೆ ಸೆರೆಯಲ್ಲಿದ್ದ ತನ್ನ ಮನೆಯ ಹೆಣ್ಣುಮಕ್ಕಳ ಮಾನವನ್ನು ಆತನು ಕಾಪಾಡಿದ್ದನೆಂಬುದನ್ನು ನೆನೆದು ವೀರರಾಜೇಂದ್ರನು ಅವನಿಗೆ ದಾರಿ ಬಿಟ್ಟನು. ಈ ಉಪಕಾರಸ್ಮರಣೆ ಇಂಗ್ಲಿಷರಿಗೆ ಹಿಡಿಸುವಂಥದಾಗಿರಲಿಲ್ಲ, ಯುದ್ಧನೀತಿಗೆ ವಿರುದ್ಧವಾದುದು. ಮಿತ್ರರ ಮುಂದೆ ವಿವರಣೆ ಕೊಡಬೇಕಾಗುವ ಇಂಥ ನಡತೆಯೇ ಆ ಅರಸನ ಚರಿತ್ರೆಯಲ್ಲಿ ಮನಸ್ಸಿಗೆ ನಾಟುವ ಭಾಗ. ಶತ್ರುವಿನಲ್ಲಿಯೂ ಮನುಷ್ಯನನ್ನು ಕಾಣುವ ಕಣ್ಣು ಆತನಿಗಿತ್ತೆಂದು ಅದು ತೋರಿಸುವುದು.

ಆ ಕಣ್ಣು ಉತ್ತರದ ಬೆಟ್ಟಗಳ ಕಡೆಗೆ ತಿರುಗಲಿಲ್ಲ. ಗ್ರಂಥದ ನಡುವಣ ಎಳೆ ಕೊಡಗು, ಮೈಸೂರು, ಕಂಪನಿ ಈ ಮೂರನ್ನು ಹೊಸೆದುದು. ಬಲಂ ಆ ಎಳೆಯ ಅಂಚಿನಲ್ಲಿ ಸುಳಿಯುವ ಹೆಸರು. ಆದರೆ ಬಲಂ ನಾಯಕರ ಸ್ಥಿತಿಯು ಹಾಲೇರಿಯವರ ಸ್ಥಿತಿಗೆ ಕನ್ನಡಿಯಂತಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿಗೂ ಇಕ್ಕೇರಿಗೂ ಸಂಧಿಯಾದಾಗ ಹಳೆಯ ರಾಜ್ಯದಲ್ಲಿ ಅವರಿಗೆ ಉಳಿದದ್ದು ಮಲೆಯ ಆರು ನಾಡುಗಳು. ೧೭೯೨ರ ಯುದ್ಧದಲ್ಲಿ ಐಗೂರಿನ ಕೃಷ್ಣಪ್ಪನಾಯಕನು, ವೀರರಾಜೇಂದ್ರನು ಇಂಗ್ಲಿಷರನ್ನು ಸೇರಿದಂತೆಯೇ, ಪರಶುರಾಮ ಭಾವುವಿನ ಮರಾಟ ದಂಡನ್ನು ಸೇರಿದನು. ಸಂಧಿಯಾದ ಮೇಲೆ ಟಿಪ್ಪುವಿನ ಕೋಪಕ್ಕೆ ಹೆದರಿ ಕೊಡಗಿಗೆ ಓಡಿಹೋದನು. ಟಿಪ್ಪುವು ಆತನನ್ನು ಹಿಂದಕ್ಕೆ ಕರೆಯಿಸಿ ಐಗೂರು ಸೀಮೆಯ ಆಡಳಿತವನ್ನು ಕೊಟ್ಟನು. ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದಾಕಾರದಲ್ಲಿ ನಿಂತಿರುವ ಮಂಜರಾಬಾದಿನ ಕೋಟೆಯೂ ಆ ಕಾಲದ್ದೇ. ಸುಲ್ತಾನನು ನಾಯಕನನ್ನು ಕ್ಷಮಿಸಿದ್ದು ಔದಾರ್ಯದಿಂದ ಮಾತ್ರವಲ್ಲವೆಂದು ಕಾಣುತ್ತದೆ. ಕೊಡಗು ಕೈಬಿಟ್ಟ ಮೇಲೆ ಘಟ್ಟದ ದಾರಿಗಳು ಅವನಿಗೆ ಬೇಕಾಗಿದ್ದುವು. ಗಡಿಯಲ್ಲಿ ಕೋಪಗೊಂಡ ನೆರೆಯವನನ್ನು ಬಿಡುವುದು ವಿವೇಕವಲ್ಲ. ಎರಡು ರಾಜ್ಯಗಳು ಪರಸ್ಪರ ಅಂಜುತ್ತಿರುವವರೆಗೆ ಅವುಗಳ ನಡುವಣ ಚಿಕ್ಕ ಅರಸನಿಗೆ ಬೆಲೆಯುಂಟು. ಒಬ್ಬನು ಹೊಡೆದರೆ ಇನ್ನೊಬ್ಬನಲ್ಲಿಗೆ ಹೋಗಬಹುದು. ಹೋದವನನ್ನು ಮೊದಲಿನವನು ಮರಳಿ ಕರೆಯುವನು. ಮಲೆನಾಡಿನ ಪಾಳೆಯಗಾರರ ರಾಜನೀತಿಯೆಲ್ಲ ಇಷ್ಟೇ.

೧೭೯೯ರಲ್ಲಿ ಈ ಸೂತ್ರ ಹರಿಯಿತು. ಕೃಷ್ಣಪ್ಪನಾಯಕನ ಮಗ ವೆಂಕಟಾದ್ರಿನಾಯಕನು ಸ್ವತಂತ್ರನಾಗಿ ನಿಲ್ಲಲು ಯತ್ನಿಸಿದಾಗ ಅವನ ಮೂಡಲಿನ ಮೈಸೂರು ಕಂಪನಿಯ ಆಶ್ರಯದ ಸಂಸ್ಥಾನವಾಗಿತ್ತು; ಪಡುವಲಿನ ಕನ್ನಡ ಜಿಲ್ಲೆಯು ಕಂಪನಿಯ ಸ್ವಂತ ಸೊತ್ತಾಗಿತ್ತು; ತೆಂಕಲಿನ ಕೊಡಗು ಕಂಪನಿಯ ಮಿತ್ರರಾಜ್ಯವಾಗಿತ್ತು. ತಂದೆಗೆ ಓಡಿಹೋಗಲು ಒಂದು ನೆರೆರಾಜ್ಯವಿತ್ತು; ಮಗನಿಗೆ ನಾಲ್ಕು ದಿಕ್ಕಿನಲ್ಲಿಯೂ ಒಬ್ಬನೇ ನೆರೆಯವನು. ತಂದೆ ಮಾಡಿದ್ದು ರಾಜಕಾರಣವೆನಿಸಿಕೊಂಡಿತು. ಮಗನು ಮಾಡಿದ್ದು ಬಂಡಾಯವೆನಿಸಿಕೊಂಡಿತು. ಇಬ್ಬರೂ ಮಾಡಿದ್ದು ಹೆಚ್ಚು ಕಡಮೆ ಒಂದೇ.

ವೆಂಕಟಾದ್ರಿನಾಯಕನ ಕಡೆಯ ವರ್ಷಗಳನ್ನು ತಿಳಿಯಬೇಕಾದವರು ಅವನನ್ನು ಹಿಡಿದವನ ಕಾಗದಗಳನ್ನೇ ಓದಬೇಕು. ಆತನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಲೋಕಪ್ರಸಿದ್ಧನಾದವನು. ಅವನ ಪತ್ರಗಳನ್ನು ಗರ್ವುಡ್ ಎಂಬಾತನು ೧೮೩೪ರಿಂದ ಸಂಪುಟಗಳಾಗಿ ಅಚ್ಚುಮಾಡಿಸಿದನು. ಅವುಗಳಲ್ಲಿ ಬಲಂ ‘ಬುಲ್ಲಂ’ ಆಗಿದೆ. ಬಿಸಿಲೆಯ ಘಾಟಿಯು ಮೇಲಿಂದ ಮೇಲೆ ಬರುತ್ತದೆ. ಶ್ರೀರಂಗಪಟ್ಟಣದಿಂದ ಮಂಗಳೂರಿನ ಕಡೆಗೆ ಇಳಿಯುವ ಆ ದಾರಿ ನಾಯಕನ ಕೈಯಲ್ಲಿರುವವರೆಗೆ ಕಂಪನಿಯ ಎರಡು ನಾಡುಗಳ ನಡುವೆ ಸಂಪರ್ಕ ಭದ್ರವಲ್ಲ. ವೆಲ್ಲೆಸ್ಲಿಯ ಚಿಂತೆಯ ತಿರುಳು ಇಷ್ಟೇ. ೧೮೦೦ರಲ್ಲಿ ಕಳುಹಿಸಿದ ದಂಡುಗಳಿಂದ ಕಾರ್ಯ ಪೂರೈಸಲಿಲ್ಲ. ನಡುವೆ ಧೋಂಡಿಯಾ ವಾಘನ ಬೆನ್ನಟ್ಟುವ ಕೆಲಸ ಬಂದಿತು. ೧೮೦೨ರ ಜನವರಿಯಲ್ಲಿ ವೆಲ್ಲೆಸ್ಲಿಯೇ ಬಂದು ಅರಕೆರೆಯ ಕಾಡುಕೋಟೆಯನ್ನು ಹಿಡಿದನು, ಫೆಬ್ರವರಿಯಲ್ಲಿ ನಾಯಕನು ಸಿಕ್ಕಿದನು, ಅವನನ್ನು ಗಲ್ಲಿಗೇರಿಸಲಾಯಿತು. ಆ ಪತ್ರಗಳ ಗದ್ಯವು ತನ್ನ ಜಾತಿಯಲ್ಲಿ ಉತ್ತಮವಾದುದು. ಅಕ್ಕಿ ಎಷ್ಟು, ಎತ್ತು ಎಷ್ಟು, ಮಳೆ ಹಿಡಿಯುವ ಮೊದಲು ಎಷ್ಟು ದಿನ, ಕಾಡಿನಲ್ಲಿ ದಾರಿ ಎಲ್ಲಿ ಕಡಿಸಬೇಕು ಎಂಬುದರ ಹೊರತು ಬೇರೆ ಮಾತಿಲ್ಲ. ದ್ವೇಷವೂ ಇಲ್ಲ, ಕನಿಕರವೂ ಇಲ್ಲ. ನಾಯಕನು ಯಾವ ಹಕ್ಕಿನಿಂದ ಎದುರುನಿಂತನು, ಎಷ್ಟು ತಲೆಗಳಿಂದ ಆ ನಾಡು ಅವನ ಮನೆಯದು ಎಂಬ ಪ್ರಶ್ನೆಗೆ ಅಂಥ ಪತ್ರಗಳಲ್ಲಿ ಜಾಗವಿಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ಕಡಿದು ತೆಗೆಯುವ ಧೋರಣೆ ಅವುಗಳದು.

ರಾಜೇಂದ್ರನಾಮೆಯನ್ನೂ ಈ ಪತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದು ವಿಷಯ ಗೋಚರವಾಗುವುದು. ಒಂದು ಕನ್ನಡ ಅರಸನ ವಾಣಿ, ಇನ್ನೊಂದು ಇಂಗ್ಲಿಷ್ ದಳಪತಿಯ ವಾಣಿ. ಆದರೂ ಇವೆರಡಕ್ಕೂ ಮುಖ್ಯ ಓದುಗನು ಒಬ್ಬನೇ, ಕಂಪನಿಯ ಸರ್ಕಾರ. ಆ ಓದುಗನಿಗೆ ಬೇಡವಾದ ಮನುಷ್ಯನು ಎರಡರಲ್ಲಿಯೂ ಮಾತನಾಡುವುದಿಲ್ಲ. ಇದಕ್ಕೆ ಪ್ರತಿಯಾಗಿ ವೆಂಕಟಾದ್ರಿನಾಯಕನನ್ನು ನಿರ್ದೋಷಿಯಾದ ವೀರನೆಂದು ಕೊಂಡಾಡುವುದು ಸುಲಭ; ಅದು ವಿಮರ್ಶೆಯಲ್ಲ. ಪಾಳೆಯಗಾರರ ಆಳ್ವಿಕೆ ರೈತನಿಗೆ ಹೂವಿನ ಹಾಸಿಗೆಯಾಗಿರಲಿಲ್ಲ. ಎರಡು ದಂಡುಗಳ ನಡುವೆ ಸಿಕ್ಕಿ ಮನೆಮಠಗಳನ್ನು ಕಳೆದುಕೊಂಡವರು ಹಳ್ಳಿಯವರೇ. ಆದರೆ ಅಪರಾಧಿಗೂ ಒಂದು ಹೇಳಿಕೆ ಕೊಡುವ ಹಕ್ಕುಂಟು. ಅವನ ಹೇಳಿಕೆಯಿಲ್ಲದೆ ಬರೆದ ತೀರ್ಪನ್ನು ಚರಿತ್ರೆಯೆಂದು ಶಾಲೆಯ ಪಾಠದಲ್ಲಿ ಇಳಿಸುವಾಗ, ‘ಬಂಡಾಯಗಾರ’ ಎಂಬ ಮಾತು ಯಾರ ಮಾತೆಂಬುದನ್ನಾದರೂ ತಿಳಿಸುವುದು ನ್ಯಾಯ.

ಗಡಿಯ ರಾಜಕಾರಣದಲ್ಲಿ ಇದು ಮಲೆನಾಡಿಗೆ ಮಾತ್ರ ಬಂದ ಅವಸ್ಥೆಯಲ್ಲ. ನೂರಿಪ್ಪತ್ತು ವರ್ಷಗಳ ಮೇಲೆ, ೧೯೨೨ರ ಕೊನೆಯಲ್ಲಿ, ಅರಬ್ಬೀ ಮರಳುಗಾಡಿನ ಅಂಚಿನ ಉಕೈರ್ ಎಂಬಲ್ಲಿ ನಜ್ದ್, ಇರಾಕ್, ಕುವೈತ್‌ಗಳ ಮೇರೆಗಳನ್ನು ಗೊತ್ತುಮಾಡಲು ಸಭೆ ಸೇರಿತು. ನಜ್ದಿನ ಇಬ್ನ್ ಸೌದನು ತಾನೇ ಬಂದಿದ್ದನು. ಕುವೈತಿನ ಶೇಖ್ ಅಹ್ಮದನು ಅಲ್ಲಿರಲಿಲ್ಲ. ಅವನ ಪರವಾಗಿ ಇದ್ದವನು ಬ್ರಿಟಿಷ್ ಪೊಲಿಟಿಕಲ್ ಏಜೆಂಟನಾದ ಮೇಜರ್ ಮೋರ್. ಮಾತು ಮುಗಿಯದಿರುವುದನ್ನು ಕಂಡು ಸರ್ ಪರ್ಸಿ ಕಾಕ್ಸನು ಕೆಂಪು ಸೀಸದ ಕಡ್ಡಿಯಿಂದ ನಕ್ಷೆಯ ಮೇಲೆ ಗೆರೆ ಎಳೆದನಂತೆ; ಕುವೈತು ತನ್ನದೆಂದುಕೊಂಡಿದ್ದ ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರಿಂದ ಹೋಯಿತು. ಈ ದೃಶ್ಯವು ಲೋಕಕ್ಕೆ ತಿಳಿದುದು ಅಲ್ಲಿದ್ದ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಡಿಕ್ಸನ್ನನು ೧೯೫೬ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಅಲ್ಲಿಯೂ ಗೆರೆ ಎಳೆದವರ ಕಡೆಯವರೇ ಕಥೆಯನ್ನೂ ಬರೆದರು. ನೆಲ ಕಳೆದುಕೊಂಡವನು ಸಭೆಯಲ್ಲಿಯೂ ಇರಲಿಲ್ಲ, ಕಥೆಯಲ್ಲಿಯೂ ಮಾತನಾಡಲಿಲ್ಲ. ಕುವೈತು ಹೇಗೋ ಬದುಕಿ ಉಳಿಯಿತು, ಬಲಂ ಉಳಿಯಲಿಲ್ಲ.

ಇನ್ನು ರಾಜೇಂದ್ರನಾಮೆಯು ಯಾವ ವಾದಕ್ಕಾಗಿ ಹುಟ್ಟಿತೋ ಆ ವಾದವಾದರೂ ಗೆದ್ದಿತೆ? ವೀರರಾಜೇಂದ್ರನು ೧೮೦೯ರ ಜೂನಿನಲ್ಲಿ ತೀರಿಕೊಂಡನು. ದೇವಮ್ಮಾಜಿ ಹೆಸರಿಗೆ ರಾಣಿಯಾದಳು, ಎರಡು ವರ್ಷಗಳೊಳಗೆ ಚಿಕ್ಕಪ್ಪನಾದ ಲಿಂಗರಾಜನು ಸಿಂಹಾಸನವನ್ನು ತಾನೇ ಏರಿದನು, ಕಂಪನಿ ಅಡ್ಡಿಮಾಡಲಿಲ್ಲ. ೧೮೩೪ರಲ್ಲಿ, ಲಂಡನ್ನಿನಲ್ಲಿ ವೆಲ್ಲೆಸ್ಲಿಯ ಪತ್ರಗಳ ಮೊದಲ ಸಂಪುಟ ಅಚ್ಚಾದ ವರ್ಷದಲ್ಲಿಯೇ, ಕಂಪನಿಯ ದಂಡು ಮಡಿಕೇರಿಯನ್ನು ಹೊಕ್ಕು ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಪೂರ್ವಸೇವೆಗೆಂದು ಬಂದಿದ್ದ ಅಮರ ಸುಳ್ಯ, ಪುತ್ತೂರುಗಳು ಕನ್ನಡ ಜಿಲ್ಲೆಗೆ ಹೋದುವು. ಕಾಶಿಯಲ್ಲಿ ಬಹುಕಾಲ ಕಳೆದ ಕೊನೆಯ ಅರಸನು ೧೮೫೨ರಲ್ಲಿ ಲಂಡನ್ನಿಗೆ ಹೋಗಿ, ತನ್ನ ಮನೆತನದ ಹಣಕ್ಕಾಗಿ ಅದೇ ಕಂಪನಿಯ ಮೇಲೆ ಚಾನ್ಸರಿ ನ್ಯಾಯಾಲಯದಲ್ಲಿ ದ್ಯಾವೆ ಹೂಡಿದನು. ಗ್ರಂಥವನ್ನು ಅರ್ಜಿಯಾಗಿ ಬರೆಯಿಸಿದ ಮನೆತನವು ಕೊನೆಗೆ ಅರ್ಜಿದಾರನಾಗಿಯೇ ಮುಗಿಯಿತು. ಬಲಂ ನಾಯಕನಿಗೆ ೧೮೦೨ರಲ್ಲಿ ಆದುದು ಕೊಡಗಿಗೆ ಮೂವತ್ತೆರಡು ವರ್ಷ ತಡವಾಗಿ, ಇನ್ನಷ್ಟು ಮರ್ಯಾದೆಯಿಂದ ಆಯಿತು. ನೆರೆಯವನ ಮನೆ ಬಿದ್ದಾಗ ತನ್ನ ಗೋಡೆಯೂ ಸಡಲಿತೆಂಬ ಅರಿವು ವೀರರಾಜೇಂದ್ರನ ಚರಿತ್ರೆಯಲ್ಲಿ ಇಲ್ಲ. ಆ ಗ್ರಂಥದ ನಿಜವಾದ ಕೊರತೆ ಇದು, ವಂಶಮೂಲದ ಮೌನವಲ್ಲ.

ಆದರೂ ಬರೆದವನಿಗೂ ಬರೆಯದವನಿಗೂ ಅಂತರವಿದ್ದೇ ಇದೆ. ವಾದ ಸೋತರೂ ಕಾಗದ ಉಳಿಯಿತು. ಆ ಕಾಗದವಿದ್ದುದರಿಂದ ಮೋಗ್ಲಿಂಗನು ಬರೆದನು, ರಿಕ್ಟರನು ಬರೆದನು. ಹಾಲೇರಿಯ ಕೊನೆಯ ಅರಸನ ಮೇಲೆ ಮಾಸ್ತಿಯವರು ೧೯೫೬ರಲ್ಲಿ ಕಾದಂಬರಿ ಬರೆದಾಗಲೂ ಕೊಡಗಿನ ಅರಮನೆ ಓದುಗರಿಗೆ ಅಪರಿಚಿತವಾಗಿರಲಿಲ್ಲ. ಅದೇ ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ, ಯಾರ ಯಾರ ತಲೆಗಳನ್ನೋ ತೆಗೆದುಕೊಂಡ ಆ ಮೇರೆಯು ಹಾಸನ ಕೊಡಗು ಜಿಲ್ಲೆಗಳ ಸೇರುಗೆರೆಯಾಗಿ ಮಾತ್ರ ಉಳಿದಿದೆ. ಮಂಜರಾಬಾದ್ ತಾಲ್ಲೂಕು ಸಕಲೇಶಪುರ ತಾಲ್ಲೂಕಾಯಿತು. ಹೇಮಾವತಿ ಎರಡು ಕಡೆಯ ಗದ್ದೆಗಳಿಗೂ ನೀರು ಕೊಡುತ್ತಾಳೆ.

ಪಾಳ್ಯ, ಐಗೂರು, ಬಿಸಿಲೆ, ಉಚ್ಚಂಗಿಗಳ ಕಡೆಯ ಹಳೆಯ ಪಟೇಲರ ಮನೆಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ಅಟ್ಟದ ಮೇಲೆ ಕಡತಗಳೂ ಸನ್ನದುಗಳೂ ಕಂದಾಯದ ಲೆಕ್ಕಗಳೂ ಇದ್ದರೆ ಅವು ಬಲಂ ಸೀಮೆಯ ನಾಮೆಯ ಹಾಳೆಗಳು. ಮಲೆನಾಡಿನ ಮಳೆಗೂ ಗೆದ್ದಲಿಗೂ ಅವುಗಳ ಮೇಲೆ ಕರುಣೆಯಿಲ್ಲ. ವಿದ್ಯಾವಂತರ ಮನೆಗಳವರು ಅವನ್ನು ಕೆಳಗಿಳಿಸಿ, ಬಿಸಿಲಿಗೆ ತೋರಿಸಿ, ಓದಬಲ್ಲವರಿಂದ ಓದಿಸಿ ಒಂದು ಪ್ರತಿ ಮಾಡಿಸಿದರೆ, ರಾಜೇಂದ್ರನಾಮೆಯನ್ನು ಅದರ ನೆರೆಯವನ ಹೇಳಿಕೆಯೊಡನೆ ಸೇರಿಸಿ ಓದುವ ಕಾಲ ಬರಬಹುದು. ಆ ಗ್ರಂಥಕ್ಕೂ ಅದರಿಂದ ನಷ್ಟವಿಲ್ಲ. ಖಾದರ್ ಖಾನನಿಗೆ ದಾರಿ ಬಿಟ್ಟ ಅರಸನ ಚರಿತ್ರೆಯ ಪಕ್ಕದಲ್ಲಿ ವೆಂಕಟಾದ್ರಿನಾಯಕನ ಹೇಳಿಕೆಗೂ ಒಂದು ಸ್ಥಳ ಸಿಕ್ಕರೆ ಅದು ಆ ಅರಸನ ಹಿರಿಮೆಗೆ ತಕ್ಕುದೇ ಆಗಿರುವುದು.